ಕಟ್ಟಿಗೆ ಬೆಂಕೀಲಿ ಬೆಂದ ಜಪಾನಿ ಮಣ್ಣಿನ ಪಾತ್ರೆ ಕೊಳ್ಳೋದು, ಕೂಡಿಡೋದು, ಬಳಸೋದು: ಬಿಜೆನ್‌ನಿಂದ ಶುರು ಮಾಡೋರಿಗೆ ಪೂರ್ತಿ ಗೈಡ್

ಬಿಜೆನ್ ಅಂದ್ರೆ ಜಪಾನಿನ ಒಕಾಯಾಮ ಕಡೆ ಮಣ್ಣಿನ ಪಾತ್ರೆಗೆ ಹೆಸರಾದ ಸೀಮೆ. ಅಲ್ಲಿನ ಒಂದು ಚಿಕ್ಕ ಸಾಕೆ (ಅಕ್ಕಿಯ ಮದ್ಯ) ಬಟ್ಟಲು ನೋಡಿ. ಬಣ್ಣ ಇಲ್ಲ, ಚಿತ್ರ ಇಲ್ಲ, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಕೂಡ ಹಚ್ಚಿಲ್ಲ, ಅಂಗೈಯಲ್ಲಿ ಮುಚ್ಕೊಳ್ಳೋವಷ್ಟು ಸೈಜು, ಬೆಲೆ ಚೀಟಿ ತಿರುಗಿಸಿದ್ರೆ 10,000 ಯೆನ್. ಬರೀ ಸುಟ್ಟ ಮಣ್ಣಿಗೆ ಇಷ್ಟು ದುಡ್ಡು ಯಾಕೆ ಅನ್ನೋ ಪ್ರಶ್ನೆ ಎಲ್ರಿಗೂ ಬರುತ್ತೆ. ಆ ಪ್ರಶ್ನೆಗೆ ಉತ್ರ ಬಟ್ಟಲಿನ ಮೈಮೇಲೇ ಇರುತ್ತೆ: ಬೆಂಕಿ ಯಾವ ಕಡೆಯಿಂದ ಬಂತು, ಬೂದಿ ಎಲ್ಲಿ ಬಿತ್ತು, ಪಕ್ಕದಲ್ಲಿ ಯಾವ ಪಾತ್ರೆ ನಿಂತಿತ್ತು, ಇದನ್ನೆಲ್ಲ ಓದ್ಬಹುದು. ಈ ಓದು ಬಂದ್ರೆ ಸಂಗ್ರಹ ಮಾಡೋದು ಬರುತ್ತೆ, ಬರದೇ ಹೋದ್ರೆ ಕುಂಬಾರರ ಹೆಸರು ನೋಡಿ, ಪಾತ್ರೆ ಜೊತೆ ಬರೋ ಮರದ ಪೆಟ್ಟಿಗೆ ನೋಡಿ ಕೊಂಡು ಮೋಸ ಹೋಗೋದೇ. ಅದಕ್ಕೇ ಈ ಗೈಡ್‌ನಲ್ಲಿ ಮೊದಲು ಬೆಂಕಿ, ಆಮೇಲೆ ಪಾತ್ರೆ, ಪೆಟ್ಟಿಗೆ ಹೆಸರು ಎಲ್ಲ ಅದಾದ್ಮೇಲೆ.

ಹೆಜ್ಜೆ 1: ಆವಿಗೆ ಒಳಗೆ ಏನಾಗುತ್ತೆ ಅಂತ ತಿಳ್ಕೊಳ್ಳಿ

ಜಪಾನಲ್ಲಿ ಕಟ್ಟಿಗೆ ಉರಿಸೋ ಆವಿಗೆಗಳಲ್ಲಿ ಮುಖ್ಯವಾಗಿ ಎರಡು ಥರ ಇದೆ. ಒಂದು ಅನಾಗಾಮಾ, ಗುಡ್ಡದ ಇಳಿಜಾರಲ್ಲಿ ಮಲಗಿರೋ ಒಂದೇ ಉದ್ದನೆ ಸುರಂಗ, ಕೆಳಗಡೆ ಬಾಯಲ್ಲಿ ಬೆಂಕಿ ಹಾಕ್ತಾರೆ, ಮೇಲ್ಗಡೆ ಹೊಗೆ ಹೋಗುತ್ತೆ, ಮಧ್ಯದಲ್ಲೆಲ್ಲ ಪಾತ್ರೆ ಜೋಡಿಸಿರ್ತಾರೆ. 5ನೇ ಶತಮಾನದಲ್ಲಿ ಕೊರಿಯಾ ಕಡೆಯಿಂದ ಬಂದ ವಿದ್ಯೆ ಇದು. ಇನ್ನೊಂದು ನೊಬೊರಿಗಾಮಾ, ಅದರಲ್ಲಿ ಕೋಣೆ ಮೇಲೆ ಕೋಣೆ ಇಳಿಜಾರು ಹತ್ಕೊಂಡು ಹೋಗುತ್ತೆ, ಕೆಳಗಿನ ಕೋಣೆಯ ಬಿಸಿ ಮೇಲಿನದ್ದಕ್ಕೆ ಉಪಯೋಗ ಆಗುತ್ತೆ, ಹೀಗಾಗಿ ಕಟ್ಟಿಗೆ ಉಳಿಯುತ್ತೆ, ಬಿಸಿ ಕೂಡ ಹೆಚ್ಚು ಹಿಡಿತದಲ್ಲಿರುತ್ತೆ. ತಾಂಬಾ ಸೀಮೆಯ ತಾಚಿಕುಯಿಯಲ್ಲಿ 1895ರಲ್ಲಿ ಕಟ್ಟಿದ 47 ಮೀಟರ್ ಉದ್ದದ ನೊಬೊರಿಗಾಮಾ ಇವತ್ತಿಗೂ ಇದೆ, ಗುಡ್ಡದ ಮೈಗೆ ಅಂಟ್ಕೊಂಡು ಮಲಗಿರೋದನ್ನ ಹತ್ತಿರದಿಂದ ನೋಡ್ಬಹುದು.

ಬಿಜೆನ್‌ನಲ್ಲಿ ಒಂದು ಸಲ ಬೆಂಕಿ ಹಾಕಿದ್ರೆ ಹತ್ತು ದಿನದಿಂದ ಎರಡು ವಾರ ಹಗಲೂ ರಾತ್ರಿ ಕೆಂಪು ಪೈನ್ ಕಟ್ಟಿಗೆ ತುರುಕ್ತಾನೇ ಇರ್ಬೇಕು. ಅಲ್ಲಿನ ಜೇಡಿಮಣ್ಣು ಗದ್ದೆಗಳ ಅಡಿಯಿಂದ ಅಗೆದು ತೆಗೆಯೋದು, ಹಿಯೋಸೆ ಅಂತಾರೆ, ತುಂಬ ನುಣುಪು, ಕಬ್ಬಿಣದ ಅಂಶ ಜಾಸ್ತಿ, ಆದ್ರೆ ಬಿಸಿ ಬೇಗ ಏರಿಸಿದ್ರೆ ಬಿರುಕು ಬಿಡುತ್ತೆ ಇಲ್ಲ ವಕ್ರ ಆಗುತ್ತೆ. ಅದಕ್ಕೇ ನಿಧಾನ. ತಣಿಯೋದಕ್ಕೆ ಮತ್ತೆ ಸುಮಾರು ಒಂದು ವಾರ. ತುಂಬ ಜನ ಕುಂಬಾರರು ವರ್ಷಕ್ಕೆ ಒಂದೋ ಎರಡೋ ಸಲ ಅಷ್ಟೇ ಸುಡ್ತಾರೆ, ಆ ಒಂದು ಸುಡುವಿಕೆಯಲ್ಲಿ ಒಡೆದದ್ದು, ಬಾಗಿದ್ದು, ಒಂದಕ್ಕೊಂದು ಅಂಟ್ಕೊಂಡದ್ದು ಎಲ್ಲ ಕಳೆದು ಉಳಿದದ್ದೇ ಆ ವರ್ಷದ ಬೆಳೆ. ಬೆಲೆಯ ಅರ್ಧ ಕಥೆ ಇಲ್ಲೇ ಮುಗೀತು.

ಈಗ ಬೂದಿ ವಿಷ್ಯ. ಬೆಂಕಿ ಜೊತೆ ಹಾರಿ ಬರೋ ಕಟ್ಟಿಗೆ ಬೂದಿ ಪಾತ್ರೆ ಮೇಲೆ ಕೂರುತ್ತೆ, ಒಳಗೆ ಬಿಸಿ 1,200 ಡಿಗ್ರಿ ದಾಟಿದ ಮೇಲೆ ಬೂದಿಯಲ್ಲಿರೋ ಕ್ಯಾಲ್ಸಿಯಂ, ಪೊಟ್ಯಾಸಿಯಂ ಇವೆಲ್ಲ ಮಣ್ಣಿನ ಸಿಲಿಕಾ ಜೊತೆ ಸೇರಿ ಕರಗಿ ಗಾಜಾಗುತ್ತೆ. ಅಂದ್ರೆ ಯಾರೂ ಗ್ಲೇಜ್ ಹಚ್ಚದೇನೇ ಗ್ಲೇಜ್ ಬರುತ್ತೆ. ಇನ್ನೊಂದು ಕಡೆ ಗಾಳಿ. ಆಮ್ಲಜನಕ ಚೆನ್ನಾಗಿ ಸಿಕ್ಕ ಜಾಗದಲ್ಲಿ ಮಣ್ಣಿನ ಕಬ್ಬಿಣ ಕೆಂಪು, ಕಿತ್ತಳೆ ಕಡೆ ಹೋಗುತ್ತೆ, ಗಾಳಿ ಸಿಗದೆ ಉಸಿರು ಕಟ್ಟಿದ ಜಾಗದಲ್ಲಿ ಬೂದು, ನೀಲಿ, ಕಪ್ಪು ಕಡೆ ಹೋಗುತ್ತೆ. ಈ ಎರಡು ಮಾತು ನೆನಪಿಟ್ಕೊಂಡ್ರೆ ಬಿಜೆನ್‌ನ ನಾಲ್ಕು ಮುಖ್ಯ ಗುರುತುಗಳು ಅರ್ಥ ಆಗುತ್ತೆ.

ಗೋಮಾ ಅಂದ್ರೆ ಎಳ್ಳು, ಹೆಗಲ ಮೇಲೆ ಬೂದಿ ಬಿದ್ದು ಹಳದಿ ಕಂದು ಚುಕ್ಕೆ ಚುಕ್ಕೆಯಾಗಿ ಕರಗಿರೋದು, ಕೆಲವು ಸಲ ಜಾಸ್ತಿ ಕರಗಿ ಕೆಳಗೆ ಇಳಿದಿರುತ್ತೆ. ಸಾಂಗಿರಿ ಅಂದ್ರೆ ಕೆಂಡ ಬೂದಿಯಲ್ಲಿ ಅರ್ಧ ಹೂತು ಹೋಗಿ ಗಾಳಿ ಸಿಗದೆ ಬೂದು ನೀಲಿ ಆಗಿರೋ ಭಾಗ, ಅದರ ಅಂಚಲ್ಲಿ ಕೆಂಪು ಬೂದು ಸೇರೋ ಜಾಗ ಇದೆಯಲ್ಲ, ಬಿಜೆನ್‌ನ ಅತಿ ಚೆಂದದ ಜಾಗ ಅದೇ ಅಂತ ನನ್ನ ಅಭಿಪ್ರಾಯ. ಹಿದಾಸುಕಿಯಲ್ಲಿ ಪಾತ್ರೆಗೆ ಭತ್ತದ ಹುಲ್ಲು ಸುತ್ತಿ, ಬೂದಿ ತಾಗದ ಹಾಗೆ ದೊಡ್ಡ ಪಾತ್ರೆ ಒಳಗಿಟ್ಟು ಸುಡ್ತಾರೆ, ಹುಲ್ಲಿನ ಪೊಟ್ಯಾಸಿಯಂ ತಾಗಿದ ಕಡೆ ಮಾತ್ರ ಕೆಂಪು ಗೆರೆ ಬರುತ್ತೆ, ಉಳಿದದ್ದೆಲ್ಲ ತಿಳಿ ಕಂದು. ಬೊತಾಮೊಚಿ ಅಂದ್ರೆ ತಟ್ಟೆ ಮೇಲೆ ಬಿಲ್ಲೆಯನ್ನೋ ಸಣ್ಣ ಬಟ್ಟಲನ್ನೋ ಇಟ್ಟು ಸುಟ್ಟಾಗ ಅದರ ಅಡಿಗೆ ಬೂದಿ ಬೀಳದೆ ಉಳಿಯೋ ಕೆಂಪು ಗುಂಡು ಗುರುತು.

ಶಿಗರಾಕಿ ಮಣ್ಣು ಬೇರೆ ಥರ, ಒರಟು, ಒಳಗೆ ಬಿಳಿ ಫೆಲ್ಡ್‌ಸ್ಪಾರ್ ಹರಳು ತುಂಬಿರುತ್ತೆ, ಸುಟ್ಟಾಗ ಅವು ಮೈಮೇಲೆ ಉಬ್ಬಿ ಬರ್ತವೆ. ಅಲ್ಲಿ ಹುಡುಕೋದು ಹಿಇರೊ ಅನ್ನೋ ಬೆಚ್ಚನೆ ಕಿತ್ತಳೆ ಬಣ್ಣ, ಬಿದೊರೊ ಅನ್ನೋ ಹಸಿರು ಗಾಜಿನ ಹನಿ, ಮತ್ತೆ ಕೊಗೆ, ಅಂದ್ರೆ ಕೆಂಡ ತಾಗಿ ಕರಕಲಾದ ಕಪ್ಪು.

ಹೆಜ್ಜೆ 2: ಒಂದೇ ಊರು ಹಿಡ್ಕೊಳ್ಳಿ

ಸೆತೊ, ತೊಕೊನಾಮೆ, ಎಚಿಜೆನ್, ಶಿಗರಾಕಿ, ತಾಂಬಾ, ಬಿಜೆನ್, ಈ ಆರನ್ನ ಸೇರಿಸಿ ಆರು ಪುರಾತನ ಆವಿಗೆಗಳು ಅಂತಾರೆ. ಹಾಗೆ ಗುಂಪು ಮಾಡಿದ್ದು ಕೊಯಾಮ ಫುಜಿಯೊ ಅನ್ನೋ ಸೆರಾಮಿಕ್ಸ್ ವಿದ್ವಾಂಸ, 2017ರಲ್ಲಿ ಈ ಆರೂ ಸೇರಿ ಜಪಾನ್ ಹೆರಿಟೇಜ್ ಪಟ್ಟಿಗೂ ಬಂತು. ಇದರ ಜೊತೆ ಶಿಗರಾಕಿಯ ಪಕ್ಕದ ಇಗಾ, ಕ್ಯೂಶುವಿನ ಕರಾತ್ಸು, ಯಾಮಗುಚಿಯ ಹಾಗಿ. ಎಲ್ಲದರಿಂದಲೂ ಒಂದೊಂದು ಇರ್ಲಿ ಅಂತ ಆಸೆ ಆಗೋದು ಸಹಜ, ಆದ್ರೆ ಹಾಗೆ ಮಾಡಿದ್ರೆ ಯಾವ ಮಣ್ಣೂ ಕಣ್ಣಿಗೆ ಪಳಗೋದಿಲ್ಲ. ಒಂದೇ ಊರಿನ ಪಾತ್ರೆ ಮೇಲಿಂದ ಮೇಲೆ ನೋಡಿದ್ರೆ ಯಾವುದು ಸಾಧಾರಣ, ಯಾವುದು ಅಪರೂಪ, ಯಾವುದು ಮೋಸ ಅಂತ ತಿಳಿಯೋದು.

ನಾನು ಬಿಜೆನ್ ಹಿಡ್ಕೊಳ್ಳಿ ಅನ್ನೋದಕ್ಕೆ ಕಾರಣ ಇದೆ. ಗ್ಲೇಜ್ ಹಚ್ಚಲ್ಲ, ಹೀಗಾಗಿ ಮುಚ್ಚಿಡೋಕೆ ಏನೂ ಇಲ್ಲ, ಮಣ್ಣು ಬೆಂಕಿ ಎರಡೂ ನೇರವಾಗಿ ಕಾಣುತ್ತೆ. ಕುಂಬಾರರ ಸಂಖ್ಯೆ ಜಾಸ್ತಿ, ಹೊಸಬರ ಕೆಲಸ ಕೈಗೆಟಕೋ ಬೆಲೆಗೆ ಸಿಗುತ್ತೆ. ಒರಟು ಮೈ ಇಷ್ಟ ಇದ್ರೆ ಶಿಗರಾಕಿ, ಇಗಾ. ಸೆತೊದಲ್ಲಿ ಹೆಚ್ಚಿನದು ಗ್ಲೇಜ್ ಕೆಲಸ, ತೊಕೊನಾಮೆಯ ಕೆಂಪು ಟೀಪಾಟ್‌ಗಳು ಅದ್ಭುತ, ಆದ್ರೆ ಇವತ್ತು ಬಹಳಷ್ಟು ಗ್ಯಾಸ್, ಕರೆಂಟ್ ಆವಿಗೆಯಲ್ಲೇ ಆಗೋದು, ಕಟ್ಟಿಗೆದೇ ಬೇಕು ಅಂದ್ರೆ ಕೇಳಿ ಖಚಿತ ಮಾಡ್ಕೊಳ್ಳಿ.

ಹೆಜ್ಜೆ 3: ದುಡ್ಡು ತೆಗೆಯೋಕೆ ಮುಂಚೆ ಒಳ್ಳೇದನ್ನ ನೋಡಿ

ಬರೀ ಮಾರಾಟಕ್ಕಿರೋದನ್ನೇ ನೋಡ್ತಾ ಇದ್ರೆ ಅಳತೆಗೋಲು ಕೆಳಗಿಳಿದುಬಿಡುತ್ತೆ. ಹಳೇ ಬಿಜೆನ್‌ಗೆ ಒಕಾಯಾಮದ ಪ್ರಿಫೆಕ್ಚರಲ್ ಮ್ಯೂಸಿಯಂ, ಶಿಗರಾಕಿಯಲ್ಲಿ ಸೆರಾಮಿಕ್ ಕಲ್ಚರಲ್ ಪಾರ್ಕ್, ಟೋಕಿಯೋದಲ್ಲಿ ಗೋತೊ ಮ್ಯೂಸಿಯಂ. ಗೋತೊದಲ್ಲಿ ಯಾಬುರೆಬುಕುರೊ ಅಂತ ಹೆಸರಿರೋ ಒಂದು ಹಳೇ ಇಗಾ ನೀರಿನ ಪಾತ್ರೆ ಇದೆ, ಹೊಟ್ಟೆ ಕುಸಿದಿದೆ, ದೊಡ್ಡ ಸೀಳು ಬಿಟ್ಟಿದೆ, ಆದ್ರೂ ಜಪಾನ್ ಸರ್ಕಾರ ಅದನ್ನ ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದೆ. ಅದರ ಫೋಟೋ ಆದ್ರೂ ಹತ್ತು ನಿಮಿಷ ನೋಡಿ. ಬೆಂಕಿಯಿಂದ ಆದ ಊನ ಯಾವಾಗ ಪಾತ್ರೆಗೆ ಜೀವ ಕೊಡುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಜಪಾನಿಗೆ ಹೋಗೋಕೆ ಈಗ್ಲೇ ಆಗಲ್ಲ ಅನ್ನೋರು ಕಟ್ಟಿಗೆ ಆವಿಗೆಯ ಕೆಲಸವನ್ನ ಹತ್ತಿರದಲ್ಲೇ ನೋಡ್ಬಹುದು. ಪಾಂಡಿಚೇರಿಯಲ್ಲಿ 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಗೋಲ್ಡನ್ ಬ್ರಿಜ್ ಪಾಟರಿ ಶುರು ಮಾಡಿದ್ರು, ಡೆಬೊರಾ ಸ್ಮಿತ್ ಅದಕ್ಕೂ ಮುಂಚೆ ಜಪಾನಲ್ಲಿ ಕಲಿತು ಬಂದವ್ರು. ಅಲ್ಲಿ ಕಲಿತ ಎಷ್ಟೋ ಜನ ಆ ಕಡೆ, ಆರೋವಿಲ್ ಸುತ್ತ ಕೆಲಸ ಮಾಡ್ತಾರೆ. ಬೆಂಗಳೂರಿಂದ ಒಂದು ವೀಕೆಂಡ್ ಸಾಕು. ಬೂದಿ ಕರಗಿದ ಮೈ ಕೈಗೆ ಹೇಗೆ ಸಿಗುತ್ತೆ ಅನ್ನೋದು ಫೋಟೋದಿಂದ ಯಾವತ್ತೂ ಗೊತ್ತಾಗಲ್ಲ.

ಹೆಜ್ಜೆ 4: ಮೊದಲನೇದು ಚಿಕ್ಕದಾಗಿರ್ಲಿ

ಮೊದಲ ಖರೀದಿಗೆ ಗುಯ್ನೊಮಿ, ಅಂದ್ರೆ ಸಾಕೆ ಕುಡಿಯೋ ಬಟ್ಟಲು, ಇಲ್ಲಾಂದ್ರೆ ಯುನೊಮಿ, ಅಂದ್ರೆ ದಿನಾ ಟೀ ಕುಡಿಯೋ ಹಿಡಿ ಇಲ್ಲದ ಲೋಟ. ಇನ್ನೂ ಹೆಸರು ಮಾಡದ ಕುಂಬಾರರದ್ದು 5,000 ದಿಂದ 15,000 ಯೆನ್ ಒಳಗೆ ಚೆನ್ನಾಗಿರೋದು ಸಿಗುತ್ತೆ. ಸಾಕೆ ಕುಡಿಯಲ್ವಾ, ಪರ್ವಾಗಿಲ್ಲ, ಗುಯ್ನೊಮಿಯಲ್ಲಿ ಸ್ಟ್ರಾಂಗ್ ಡಿಕಾಕ್ಷನ್ ಕುಡಿದ್ರೂ ಅದು ಬೇಜಾರು ಮಾಡ್ಕೊಳಲ್ಲ. ಇಷ್ಟು ಚಿಕ್ಕ ವಸ್ತುವಲ್ಲೂ ಗೋಮಾ, ಸಾಂಗಿರಿ, ಪಾದ (ತಳದ ಭಾಗ), ಕುಂಬಾರರ ಸೀಲು, ಪೆಟ್ಟಿಗೆ ಎಲ್ಲ ಇರುತ್ತೆ, ಅಂದ್ರೆ ಕಲಿಯೋದಕ್ಕೆ ಬೇಕಾದ್ದೆಲ್ಲ ಇರುತ್ತೆ.

ಚವಾನ್, ಅಂದ್ರೆ ಚಹಾ ಸಮಾರಂಭದ ದೊಡ್ಡ ಬಟ್ಟಲು, ಈಗಲೇ ಬೇಡ. ಅದಕ್ಕೆ ಬೇರೆಯದೇ ಶಾಸ್ತ್ರ ಇದೆ, ಬೆಲೆನೂ ಬೇರೆ ಮಟ್ಟ. 15ನೇ ಶತಮಾನದ ಚಹಾ ಗುರು ಮುರಾತ ಜುಕೊ ಶಿಷ್ಯನಿಗೆ ಬರೆದ ಪತ್ರದಲ್ಲಿ, ಹೊಸಬರು ಬಿಜೆನ್ ಶಿಗರಾಕಿ ಪಾತ್ರೆ ಹಿಡ್ಕೊಂಡು ತಾವೇನೋ ಎತ್ತರಕ್ಕೆ ಏರಿದವರ ಥರ ನಡ್ಕೊಳ್ಳೋದನ್ನ ಖಂಡಿಸಿದ್ದಾರೆ. ಐನೂರು ವರ್ಷ ಆದ್ರೂ ಆ ಎಚ್ಚರಿಕೆ ಹೊಸ ಸಂಗ್ರಾಹಕರಿಗೆ ಹಾಗೇ ಅನ್ವಯ ಆಗುತ್ತೆ.

ಹೆಜ್ಜೆ 5: ಕೈಯಲ್ಲಿ ಹಿಡಿದು ಓದೋದು

ಮೊದಲು ಮರ್ಯಾದೆ ವಿಷ್ಯ. ಉಂಗುರ, ವಾಚ್, ಬಳೆ ತೆಗೆದಿಡಿ. ಮುಟ್ಬಹುದಾ ಅಂತ ಕೇಳಿ, ಜಪಾನಿಯಲ್ಲಿ ‘ಸವತ್ತೆ ಮೊ ಇಇ ದೆಸ್ ಕಾ’ ಅಂದ್ರೆ ಸಾಕು. ಎರಡೂ ಕೈಯಲ್ಲಿ, ಮೇಜಿನ ಮೇಲೆ ಸ್ವಲ್ಪವೇ ಎತ್ತರದಲ್ಲಿ ಹಿಡಿದು ನೋಡಿ, ಎದೆ ಮಟ್ಟಕ್ಕೆ ಎತ್ಕೊಂಡು ತಿರುಗಿಸೋದು ಬೇಡ.

ಈಗ ಪಾತ್ರೆಯನ್ನ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಕಟ್ಟಿಗೆ ಬೆಂಕಿಯ ಪಾತ್ರೆಗೆ ಮುಖ ಬೆನ್ನು ಅಂತ ಇದ್ದೇ ಇರುತ್ತೆ, ಬೆಂಕಿ ಬಂದ ಕಡೆ ಬೂದಿ ದಟ್ಟ, ಹಿಂದ್ಗಡೆ ಖಾಲಿ ಇಲ್ಲ ಬೇರೆ ಬಣ್ಣ. ಒಂದು ಪಕ್ಕದಲ್ಲಿ ಉದ್ದಕ್ಕೆ ನೆರಳಿನ ಥರ ತಿಳಿ ಪಟ್ಟಿ ಕಂಡ್ರೆ ಅಲ್ಲಿ ಇನ್ನೊಂದು ಪಾತ್ರೆ ಬೆಂಕಿಗೆ ಅಡ್ಡ ನಿಂತಿತ್ತು ಅಂತ. ಬೂದಿ ಕರಗಿ ಹರಿದ ಗೆರೆಗಳು ನೇರ ಕೆಳಗೆ ಹೋಗದೆ ಅಡ್ಡಡ್ಡ ಹೋಗಿದ್ರೆ ಪಾತ್ರೆ ಆವಿಗೆಯಲ್ಲಿ ಮಲಗಿತ್ತು ಅಂತ, ಆಗ ಇನ್ನೊಂದು ಪಕ್ಕದಲ್ಲಿ ಅದು ಯಾವುದರ ಮೇಲೆ ಮಲಗಿತ್ತೋ ಅದರ ಗುರುತು, ಕೆಲವು ಸಲ ಕಪ್ಪೆಚಿಪ್ಪಿನ ಅಚ್ಚು, ಸಿಕ್ಕೇ ಸಿಗುತ್ತೆ. ಹುಡುಕಿ. ಇದು ಈ ಹವ್ಯಾಸದಲ್ಲಿ ನನಗೆ ಅತಿ ಖುಷಿ ಕೊಡೋ ಭಾಗ, ಒಂದು ಬಟ್ಟಲು ಇಟ್ಕೊಂಡು ಅದು ಎರಡು ವಾರ ಎಲ್ಲಿ ಕೂತಿತ್ತು, ಯಾರ ಪಕ್ಕ ಕೂತಿತ್ತು ಅಂತ ಪೂರ್ತಿ ಕಟ್ಕೊಳ್ಳೋದು.

ಆಮೇಲೆ ತಲೆಕೆಳಗು ಮಾಡಿ ಪಾದ ನೋಡಿ, ಕೊದಾಯ್ ಅಂತಾರೆ. ಬೆಂಕಿ ಮುಟ್ಟದ ಮಣ್ಣಿನ ನಿಜ ಬಣ್ಣ ಇಲ್ಲೇ ಕಾಣೋದು, ಕುಂಬಾರನ ಕೈ ಎಷ್ಟು ಪಳಗಿದೆ ಅನ್ನೋದೂ ಇಲ್ಲೇ. ತಿಗರಿಯಿಂದ ದಾರ ಎಳೆದು ಕತ್ತರಿಸಿದ ಸುಳಿ ಬಿಟ್ಟಿದಾರಾ, ಚಾಕುವಿನಿಂದ ಧೈರ್ಯವಾಗಿ ಒಂದೇ ಸಲಕ್ಕೆ ಕೆತ್ತಿದಾರಾ, ಅಥವಾ ಹತ್ತು ಸಲ ತಿದ್ದಿ ತಿದ್ದಿ ಸುಸ್ತಾದ ಹಾಗೆ ಕಾಣ್ತಿದೆಯಾ. ಮೇಲೆ ಬೂದಿ ಎಷ್ಟೇ ಚೆಂದ ಬಿದ್ದಿರಲಿ, ಪಾದ ಸತ್ತಿದ್ರೆ ನಾನು ಆ ಪಾತ್ರೆ ಕೊಳ್ಳಲ್ಲ.

ಬಾಯಿಯ ಅಂಚು ತುಟಿಗೆ ತಾಗೋ ಜಾಗ, ಬೆರಳು ಆಡಿಸಿ. ಒಳಗಡೆ ತಳ ನೋಡಿ. ತೂಕ ನೋಡಿ: ಕಣ್ಣಿಗೆ ಕಂಡಷ್ಟೇ ಕೈಗೂ ಇದ್ರೆ ಒಳ್ಳೇದು, ತಳ ಮಾತ್ರ ವಿಪರೀತ ಭಾರ ಇದ್ರೆ ತಿಗರಿ ಕೆಲಸ ಇನ್ನೂ ಕಚ್ಚಾ. ಸಂತೇಲಿ ಮಡಕೆ ತಗೊಳ್ಳೋವಾಗ ಬೆರಳ ಗಿಣ್ಣಿನಿಂದ ತಟ್ಟಿ ನೋಡ್ತೀವಲ್ಲ ಹಾಗೆ, ಅಂಗಡಿಯವರನ್ನ ಕೇಳ್ಕೊಂಡು ಮೆಲ್ಲಗೆ ತಟ್ಟಿ. ಚೆನ್ನಾಗಿ ಬೆಂದ ಬಿಜೆನ್ ಲೋಹದ ಥರ ಸ್ಪಷ್ಟ ದನಿ ಕೊಡುತ್ತೆ, ಮಂಕು ದನಿ ಬಂದ್ರೆ ಎಲ್ಲೋ ಕೂದಲೆಳೆ ಬಿರುಕಿರ್ಬಹುದು.

ಬಿರುಕುಗಳಲ್ಲೂ ಎರಡು ಜಾತಿ. ಆವಿಗೆಯಲ್ಲೇ ಆದದ್ದು ಕಾಮಾಕಿಜು, ಅದರ ಅಂಚು ಮೆತ್ತಗಾಗಿ ಉರುಟಾಗಿರುತ್ತೆ, ಒಳಗೂ ಬೂದಿ ಹೋಗಿ ಕರಗಿರುತ್ತೆ, ಬಣ್ಣ ಸುತ್ತಲ ಮೈ ಜೊತೆ ಹೊಂದ್ಕೊಂಡಿರುತ್ತೆ, ಅದನ್ನ ದೋಷ ಅಂತ ಪರಿಗಣಿಸೋದು ಕಮ್ಮಿ. ಆಮೇಲೆ ಆದ ಪೆಟ್ಟಿನ ಅಂಚು ಚೂಪಾಗಿ, ಒಳಗಿನ ಮಣ್ಣು ಹಸಿಯಾಗಿ ಬೇರೆ ಬಣ್ಣದಲ್ಲಿ ಕಾಣುತ್ತೆ, ಇದಕ್ಕೆ ಬೆಲೆ ಇಳಿಸಲೇಬೇಕು.

ಹೆಜ್ಜೆ 6: ಕಟ್ಟಿಗೆದಾ, ಕರೆಂಟಿನದಾ

ಕರೆಂಟ್ ಆವಿಗೆಯಲ್ಲಿ ಸುಟ್ಟದ್ದೆಲ್ಲ ಮೋಸ ಅಲ್ಲ. ಹಿದಾಸುಕಿಗೆ ಬೂದಿನೇ ಬೇಡ, ಹೀಗಾಗಿ ಅದನ್ನ ಕರೆಂಟ್, ಗ್ಯಾಸ್ ಆವಿಗೆಯಲ್ಲಿ ಪ್ರಾಮಾಣಿಕವಾಗಿ ಮಾಡಿ ಹಾಗಂತ ಹೇಳಿ ಮಾರೋರು ಇದಾರೆ, ಚೆನ್ನಾಗೂ ಇರುತ್ತೆ. ತಕರಾರು ಇರೋದು ಹೇಳದೆ ಕಟ್ಟಿಗೆ ಬೆಲೆಗೆ ಮಾರಿದಾಗ. ಬೂದಿಯನ್ನ ಮೊದಲೇ ಹಚ್ಚಿ, ಚಿಮುಕಿಸಿ ಸುಟ್ಟ ಗೋಮಾ ಸುತ್ತಲೂ ಒಂದೇ ಸಮ ಇರುತ್ತೆ, ಮುಖ ಬೆನ್ನು ಇರಲ್ಲ, ಕಂಠದ ಕೆಳಗೆ, ಹಿಡಿಯ ಅಡಿಗೆ, ಬೂದಿ ಹಾರಿ ಬಂದು ತಲುಪೋಕೆ ಸಾಧ್ಯವೇ ಇಲ್ಲದ ಸಂದಿಯಲ್ಲೂ ಇರುತ್ತೆ. ಅದೇ ಬ್ಯಾಚಿನ ಹತ್ತು ಲೋಟ ಸಾಲಾಗಿಟ್ಟಿದ್ರೆ ಹತ್ತೂ ಒಂದೇ ಥರ. ನಿಜವಾದ ಆವಿಗೆಯಿಂದ ಬಂದ ಹತ್ತು ಲೋಟ ಹತ್ತು ಥರ ಇರ್ತವೆ. ಅನುಮಾನ ಬಂದ್ರೆ ಸೀದಾ ಕೇಳಿ, ಯಾವ ಆವಿಗೆ, ಎಷ್ಟು ದಿನ ಸುಟ್ಟಿದ್ದು, ಆವಿಗೆಯ ಯಾವ ಜಾಗದಲ್ಲಿತ್ತು. ಕಟ್ಟಿಗೆ ಸುಡೋ ಕುಂಬಾರರಿಗೆ ಈ ಪ್ರಶ್ನೆ ಕೇಳಿದ್ರೆ ಮುಖ ಅರಳುತ್ತೆ, ಬೇಕಾದಷ್ಟು ಹೇಳ್ತಾರೆ.

ಹೆಜ್ಜೆ 7: ಪೆಟ್ಟಿಗೆ, ಸೀಲು, ಹೆಸರು

ತೊಮೊಬಾಕೊ ಅಂದ್ರೆ ಕುಂಬಾರರೇ ಕುಂಚದಲ್ಲಿ ಬರೆದು ಸೀಲ್ ಹಾಕಿಕೊಟ್ಟ ಮರದ ಪೆಟ್ಟಿಗೆ, ಕಿರಿ ಅನ್ನೋ ಹಗುರ ಮರದ್ದು. ಮುಚ್ಚಳದ ಮೇಲೆ ಯಾವ ಊರಿನ ಏನು ಪಾತ್ರೆ, ಯಾರು ಮಾಡಿದ್ದು ಅಂತ ಇರುತ್ತೆ. ಜೊತೆಗೆ ಸುತ್ತೋ ಬಟ್ಟೆ, ಕುಂಬಾರರ ಪರಿಚಯದ ಚೀಟಿ. ಮುಂದೆ ಯಾವತ್ತಾದ್ರೂ ಮಾರೋದಾದ್ರೆ ಪೆಟ್ಟಿಗೆ ಇಲ್ಲದ ಪಾತ್ರೆಗೆ ಬೆಲೆ ಬಹಳ ಬಿದ್ದು ಹೋಗುತ್ತೆ, ಆದ್ದರಿಂದ ಇದನ್ನ ಜೋಪಾನ ಮಾಡಿ, ಚೀಟಿ ದಾರ ಯಾವುದನ್ನೂ ಎಸೀಬೇಡಿ. ಪೆಟ್ಟಿಗೆಯಲ್ಲೂ ದರ್ಜೆ ಇದೆ. ಕುಂಬಾರ ತೀರಿಹೋದ ಮೇಲೆ ಮಗನೋ ಪರಿಣಿತರೋ ಇದು ಅವರದ್ದೇ ಅಂತ ಬರೆದುಕೊಟ್ಟದ್ದು ಒಂದು ಥರ, ಆಮೇಲೆ ಯಾರೋ ಅಳತೆಗೆ ಹೊಂದಿಸಿ ಮಾಡಿಸಿದ ಖಾಲಿ ಪೆಟ್ಟಿಗೆ ಇನ್ನೊಂದು ಥರ.

ಒಳ್ಳೇ ಪೆಟ್ಟಿಗೆಗೆ ಬೇರೆ ಪಾತ್ರೆ ತುಂಬಿ ಮಾರೋದು ಹಳೇ ಚಾಳಿ. ಮುಚ್ಚಳದಲ್ಲಿ ಹನಾಯಿರೆ, ಅಂದ್ರೆ ಹೂದಾನಿ ಅಂತ ಬರೆದು ಒಳಗೆ ತೊಕ್ಕುರಿ, ಅಂದ್ರೆ ಸಾಕೆ ಹೂಜಿ ಇದ್ರೆ ಬಿಟ್ಟುಬಿಡಿ. ಪಾತ್ರೆ ಒಳಗೆ ಅಲ್ಲಾಡ್ತಾ ಇದೆಯಾ, ಪೆಟ್ಟಿಗೆಯ ಸೀಲು ಪಾತ್ರೆಯ ತಳದ ಗುರುತಿಗೆ ಹೊಂದುತ್ತಾ ನೋಡಿ.

ಹೆಸರಿನಲ್ಲಿ ದೊಡ್ಡ ಗೊಂದಲ ಇರೋದು ವಂಶದಿಂದ ಬರೋ ಹೆಸರುಗಳದ್ದು. ಹಾಗಿಯ ಮಿವಾ ಕ್ಯೂಸೆತ್ಸು ಅನ್ನೋದು ಒಬ್ಬರಲ್ಲ, ತಲೆಮಾರಿಂದ ತಲೆಮಾರಿಗೆ ಬರೋ ಹೆಸರು, 10ನೆಯವರೂ 11ನೆಯವರೂ ಇಬ್ಬರೂ ಲಿವಿಂಗ್ ನ್ಯಾಷನಲ್ ಟ್ರೆಷರ್ ಆದವ್ರು, ಹಾಗಾಗಿ ಎಷ್ಟನೆಯವರು ಅನ್ನೋದರ ಮೇಲೆ ಬೆಲೆ. ಲಿವಿಂಗ್ ನ್ಯಾಷನಲ್ ಟ್ರೆಷರ್ ಅಂದ್ರೆ ಜಪಾನ್ ಸರ್ಕಾರ ಒಂದು ಕಲೆಯ ವಾರಸುದಾರರು ಅಂತ ಮಾನ್ಯ ಮಾಡೋದು, ಮೊದಲ ಪಟ್ಟಿ 1955ರಲ್ಲಿ ಬಂತು. ಬಿಜೆನ್‌ನಿಂದ ಕನೆಶಿಗೆ ತೊಯೊ 1956ರಲ್ಲಿ ಆದ್ರು, ಮೊಮೊಯಾಮಾ ಕಾಲದ (16ನೇ ಶತಮಾನದ ಕೊನೆ) ಬಿಜೆನ್‌ನ ಗತ್ತನ್ನ ಮತ್ತೆ ತಂದವ್ರು ಅವ್ರೇ. ಆಮೇಲೆ ಫುಜಿವಾರ ಕೇಇ, ಯಾಮಮೊತೊ ತೊಶು, ಕೇಇ ಅವರ ಮಗ ಫುಜಿವಾರ ಯು, 2004ರಲ್ಲಿ ಇಸೆಜಾಕಿ ಜುನ್. ಈ ಹೆಸರುಗಳು ಕಣ್ಣು ಪಳಗಿಸೋದಕ್ಕೆ, ಶುರುವಲ್ಲೇ ಕೊಳ್ಳೋದಕ್ಕಲ್ಲ.

‘ಕೊ ಬಿಜೆನ್’ (ಹಳೇ ಬಿಜೆನ್), ‘ಕಾಮಾಕುರಾ ಕಾಲದ್ದು’ (12ರಿಂದ 14ನೇ ಶತಮಾನ) ಅಂತ ಆನ್‌ಲೈನಲ್ಲಿ ಸಸ್ತಾ ಬೆಲೆಗೆ ಬರೋ ಹಳೇ ಪಾತ್ರೆಗಳಿಂದ ದೂರ ಇರಿ. 1294ನೇ ಇಸವಿಯದ್ದು ಅನ್ನಿಸ್ಕೊಂಡಿದ್ದ ಒಂದು ಸೆತೊ ಹೂಜಿಯನ್ನ 1959ರಲ್ಲಿ ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿ, ಅದು 20ನೇ ಶತಮಾನದ ಕುಂಬಾರ ಕತೊ ತೊಕುರೊ ಮಾಡಿದ್ದು ಅಂತ ಗೊತ್ತಾಗಿ 1961ರಲ್ಲಿ ಪಟ್ಟಿಯಿಂದ ತೆಗೆದ್ರು. ಅದನ್ನ ಪಟ್ಟಿಗೆ ಸೇರಿಸೋದ್ರಲ್ಲಿ ಮುಂದೆ ನಿಂತಿದ್ದ ಪರಿಣಿತ, ಆರು ಆವಿಗೆಗಳನ್ನ ಗುಂಪು ಮಾಡಿದ ಅದೇ ಕೊಯಾಮ ಫುಜಿಯೊ. ಅಂಥವರ ಕಣ್ಣೇ ತಪ್ಪಿದ ಜಾಗದಲ್ಲಿ ನಾವು ಮೊಬೈಲ್ ಫೋಟೋ ನೋಡಿ ನಿರ್ಧಾರ ಮಾಡೋಕಾಗಲ್ಲ.

ಹೆಜ್ಜೆ 8: ಎಲ್ಲಿ ಕೊಳ್ಳೋದು

ಅತ್ಯುತ್ತಮ ಅಂದ್ರೆ ಇಂಬೆ, ಬಿಜೆನ್ ಕುಂಬಾರರ ಊರು. ಒಕಾಯಾಮದಿಂದ ಜೆಆರ್ ಅಕೊ ಲೈನಲ್ಲಿ ಸುಮಾರು 40 ನಿಮಿಷ, ಸ್ಟೇಷನ್ ಕಟ್ಟಡದ ಎರಡನೇ ಮಹಡಿಯಲ್ಲೇ ಎಷ್ಟೋ ಕುಂಬಾರರ ಕೆಲಸ ಒಂದೇ ಕಡೆ ಮಾರಾಟಕ್ಕಿದೆ. ಮೊದಲು ಅಲ್ಲಿ ಒಂದು ಗಂಟೆ ಬರೀ ನೋಡಿ, ಯಾರ ಕೈ ಇಷ್ಟ ಆಗ್ತಿದೆ ಬರ್ಕೊಳ್ಳಿ, ಆಮೇಲೆ ಊರೊಳಗೆ ಅವರವರ ಅಂಗಡಿಗೆ ಹೋಗಿ. ಅಮಾತ್ಸು ದೇವಸ್ಥಾನಕ್ಕೆ ಖಂಡಿತ ಹೋಗಿ, ಕಾವಲು ನಾಯಿಗಳೂ ಹೆಂಚುಗಳೂ ಬಿಜೆನ್ ಮಣ್ಣಿನವೇ. ದಕ್ಷಿಣದ ಹಳೇ ಮಹಾ ಆವಿಗೆಯ ಜಾಗವೂ ನಡೆಯೋ ದೂರ, 50 ಮೀಟರಿಗಿಂತ ಉದ್ದದ ಆವಿಗೆ ಇದ್ದ ಗುಡ್ಡ ಅದು. ಅಕ್ಟೋಬರ್‌ನ ಪಾತ್ರೆ ಹಬ್ಬದ ಟೈಮಲ್ಲಿ ಬೆಲೆ ಇಳಿಯುತ್ತೆ, ಜನ ಜಾಸ್ತಿ. ಕುಂಬಾರರ ಹತ್ರ ನೇರ ಕೊಳ್ಳೋವಾಗ ಚೌಕಾಸಿ ಮಾಡ್ಬೇಡಿ, ಅಲ್ಲಿನ ರೂಢಿ ಅಲ್ಲ, ಎರಡು ವಾರ ನಿದ್ದೆಗೆಟ್ಟು ಸುಟ್ಟವರ ಮುಂದೆ ಚೆನ್ನಾಗೂ ಕಾಣಲ್ಲ.

ಶಿಗರಾಕಿಗೆ ಕಿಬುಕಾವಾದಿಂದ ಪುಟ್ಟ ಕೋಗೆನ್ ರೈಲು. ಟೋಕಿಯೋ, ಒಸಾಕಾದಲ್ಲೇ ಇರೋರಿಗೆ ಮಿತ್ಸುಕೋಶಿ, ತಾಕಾಶಿಮಾಯಾ ಥರದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಮೇಲಿನ ಮಹಡಿಯಲ್ಲಿ ಕುಂಬಾರರ ಪ್ರದರ್ಶನ ನಡೀತಾನೇ ಇರುತ್ತೆ, ಬೆಲೆ ಪೂರ್ತಿ, ಆದ್ರೆ ನಂಬಿಕೆಯೂ ಪೂರ್ತಿ, ಬಹಳ ಸಲ ಕುಂಬಾರರೇ ಬಂದು ನಿಂತಿರ್ತಾರೆ.

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೂತು ಕೊಳ್ಳೋರಿಗೆ ದಾರಿ ಯಾಹೂ ಆಕ್ಷನ್ಸ್ ಜಪಾನ್, ಬುಯೀ, ಜೆನ್‌ಮಾರ್ಕೆಟ್ ಥರದ ಪ್ರಾಕ್ಸಿ (ನಮ್ಮ ಪರವಾಗಿ ಅಲ್ಲಿ ಕೊಂಡು ಕಳಿಸೋ ಕಂಪನಿ) ಮೂಲಕ. ಹೆಜ್ಜೆ 5 ರಿಂದ 7 ಪಳಗಿದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ವಿವರಣೆಯಲ್ಲಿ ಕೆಲವು ಪದ ಗೊತ್ತಿರ್ಬೇಕು: ನ್ಯೂ ಅಂದ್ರೆ ಕೂದಲೆಳೆ ಬಿರುಕು, ಹೊತ್ಸು ಅಂದ್ರೆ ಸಣ್ಣ ಚಕ್ಕೆ ಎದ್ದಿರೋದು, ನಾವೊಶಿ ಅಂದ್ರೆ ರಿಪೇರಿ ಆಗಿದೆ. ‘ನೋ ಕ್ಲೇಮ್ ನೋ ರಿಟರ್ನ್’ ಅಂತ ಹಾಕಿದ್ರೆ ಬಂದದ್ದೇ ಬಂದದ್ದು. ಪಾದದ ಫೋಟೋ, ಸೀಲಿನ ಫೋಟೋ, ಮುಚ್ಚಳದ ಬರಹದ ಫೋಟೋ, ಬೆನ್ನಿನ ಫೋಟೋ, ಈ ನಾಲ್ಕರಲ್ಲಿ ಒಂದು ಇಲ್ಲಾಂದ್ರೂ ಬಿಡ್ ಮಾಡ್ಬೇಡಿ. ಗೆದ್ದ ಬೆಲೆಯೊಂದೇ ಖರ್ಚಲ್ಲ, ಪ್ರಾಕ್ಸಿ ಫೀಸು, ಜಪಾನ್ ಒಳಗಿನ ಸಾಗಣೆ, ಅಂತರರಾಷ್ಟ್ರೀಯ ಸಾಗಣೆ, ಇಲ್ಲಿನ ಡ್ಯೂಟಿ ಎಲ್ಲ ಕೂಡಿಸಿದ್ರೆ 4,000 ಯೆನ್‌ನ ಬಟ್ಟಲು ಮನೆಗೆ ಬರೋಷ್ಟರಲ್ಲಿ ಎರಡು ಪಟ್ಟು ದಾಟೋದು ಮಾಮೂಲಿ. ಅದಕ್ಕೇ ಪ್ರಾಕ್ಸಿ ಗೋದಾಮಿನಲ್ಲಿ ಮೂರ್ನಾಕು ಸೇರಿಸಿ ಒಟ್ಟಿಗೆ ತರಿಸ್ಕೊಳ್ಳಿ.

ಹೆಜ್ಜೆ 9: ಮನೆಗೆ ತರೋದು

ಹೋಗಿ ಬರೋರು ಕ್ಯಾಬಿನ್ ಬ್ಯಾಗಲ್ಲೇ ತನ್ನಿ, ನರಿತಾದಿಂದ ಬೆಂಗಳೂರಿಗೆ ಜೆಎಎಲ್ ನೇರ ವಿಮಾನ ಇರೋದ್ರಿಂದ ಮಧ್ಯೆ ಬ್ಯಾಗ್ ಎಸೆದಾಡೋ ಭಯ ಕಮ್ಮಿ. ಪಾರ್ಸೆಲ್ ಆದ್ರೆ ಡಬಲ್ ಬಾಕ್ಸ್ ಕೇಳಿ: ಪಾತ್ರೆಗೆ ಬಬಲ್ ಸುತ್ತಿ ಮರದ ಪೆಟ್ಟಿಗೆಯಿಂದ ಬೇರೆಯಾಗಿ ಇಡ್ಬೇಕು, ಯಾಕಂದ್ರೆ ಪೆಟ್ಟಿಗೆ ಒಳಗೇ ಇಟ್ಟು ಕಳಿಸಿದ್ರೆ ಬಿದ್ದಾಗ ಗಟ್ಟಿ ಮರವೇ ಅಂಚು ಒಡೆಯುತ್ತೆ. ಕಸ್ಟಮ್ಸ್‌ನಲ್ಲಿ ಡ್ಯೂಟಿ ಜೊತೆ ಐಜಿಎಸ್‌ಟಿ ಬೀಳುತ್ತೆ, ಕೆವೈಸಿ ಕಾಗದ ಕೇಳ್ತಾರೆ. ಬೆಲೆ ಕಮ್ಮಿ ಬರೀರಿ ಅಂತ ಮಾರೋರಿಗೆ ಹೇಳ್ಬೇಡಿ, ಕಾನೂನು ಒಂದು ಕಡೆ, ಒಡೆದು ಬಂದ್ರೆ ಇನ್ಶೂರೆನ್ಸ್ ಸಿಗೋದೂ ಆ ಬರೆದ ಬೆಲೆಗೇ. ಬಂದ ತಕ್ಷಣ ಬಿಚ್ಚೋದನ್ನ ವಿಡಿಯೋ ಮಾಡಿ.

ಹೆಜ್ಜೆ 10: ಬಳಸಿ

ಬಿಜೆನ್ ಬಟ್ಟಲನ್ನ ಶೋಕೇಸಲ್ಲಿ ಬೀಗ ಹಾಕಿಟ್ರೆ ಅದು ಬಂದ ದಿನ ಹೇಗಿತ್ತೋ ಹಾಗೇ ಒಣಗಿ ಕೂರುತ್ತೆ. ದಿನಾ ಕೈ ಮುಟ್ಟಿ, ನೀರು ಮುಟ್ಟಿ, ಟೀ ಮುಟ್ಟಿ ವರ್ಷಗಳಲ್ಲಿ ಒರಟು ಮೈಗೆ ಒಂದು ಮೆತ್ತನೆ ಹೊಳಪು ಬರುತ್ತೆ, ಹೊಸದಕ್ಕೆ ಯಾವ ದುಡ್ಡು ಕೊಟ್ರೂ ಆ ಹೊಳಪು ಸಿಗಲ್ಲ.

ಮೊದಲ ಸಲ ಬಳಸೋಕೆ ಮುಂಚೆ ತಳವನ್ನ ಸಣ್ಣ ಸ್ಯಾಂಡ್‌ಪೇಪರಲ್ಲಿ ಮೆಲ್ಲಗೆ ಉಜ್ಜಿ, ಇಲ್ಲಾಂದ್ರೆ ಡೈನಿಂಗ್ ಟೇಬಲ್ ಗೀರುತ್ತೆ. ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಹೂದಾನಿ, ಹೂಜಿ ಆದ್ರೆ ನೀರು ತುಂಬಿ ಪೇಪರ್ ಮೇಲೆ ಇಟ್ಟು ಬೆಳಗ್ಗೆ ನೋಡಿ, ಪೇಪರ್ ಒದ್ದೆ ಆಗಿದ್ರೆ ಜಿನುಗುತ್ತೆ ಅಂತ. ಹಾಗಿ, ಕರಾತ್ಸು ಕಡೆಯ ಮೆತ್ತನೆ ಪಾತ್ರೆ ಜಿನುಗೋದು ಸಹಜ, ಅದಕ್ಕೆ ಜಪಾನಲ್ಲೂ ಮದ್ದು ಅಕ್ಕಚ್ಚೇ: ಅಕ್ಕಿ ತೊಳೆದ ಗಟ್ಟಿ ನೀರಲ್ಲಿ ಪಾತ್ರೆ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಿ ಅದರಲ್ಲೇ ತಣಿಯೋಕೆ ಬಿಟ್ರೆ ಗಂಜಿ ಸಣ್ಣ ರಂಧ್ರಗಳನ್ನ ತುಂಬುತ್ತೆ.

ಪ್ರತಿ ಸಲ ಊಟ ಬಡಿಸೋ ಮುಂಚೆ ತಟ್ಟೆಯನ್ನ ಐದು ನಿಮಿಷ ನೀರಲ್ಲಿಟ್ಟು ಒರೆಸಿ, ಮೈ ಆಗಲೇ ನೀರು ಕುಡಿದಿದ್ರೆ ಎಣ್ಣೆ ಬಣ್ಣ ಒಳಗೆ ಇಳಿಯಲ್ಲ. ಆದ್ರೂ ನಮ್ಮ ಅಡುಗೆಯ ಅರಿಶಿನ ಬೇರೆ ಲೆವೆಲ್ಲು, ತಿಳಿ ಬಣ್ಣದ ಹಿದಾಸುಕಿ ತಟ್ಟೆಗೆ ಸಾರು ಪಲ್ಯ ಹಾಕ್ಬೇಡಿ, ಹಣ್ಣು, ಕೋಸಂಬರಿ, ಇಡ್ಲಿ ಇರ್ಲಿ. ಮೈಕ್ರೋವೇವ್, ಡಿಶ್‌ವಾಶರ್ ಎರಡೂ ಬೇಡ. ಸೋಪು ಆದಷ್ಟು ಕಮ್ಮಿ, ಬಿಸಿನೀರು ಮೆತ್ತನೆ ಬ್ರಶ್ ಸಾಕು. ಬೋರ್‌ವೆಲ್ ನೀರಿನ ಮನೆಯವರು ಕೊನೇಲಿ ಫಿಲ್ಟರ್ ನೀರಲ್ಲಿ ಜಾಲಾಡಿಸಿ, ಇಲ್ಲಾಂದ್ರೆ ಕಪ್ಪು ಸಾಂಗಿರಿ ಮೇಲೆ ಬಿಳಿ ಉಪ್ಪಿನ ಕಲೆ ಕೂತು ಬಣ್ಣವೇ ಮುಚ್ಚಿ ಹೋಗುತ್ತೆ.

ಒಣಗಿಸೋದ್ರಲ್ಲಿ ಅವಸರ ಬೇಡ. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ತೇವ ಇರುತ್ತೆ, ಗಾಳಿಯಲ್ಲಿ ಎರಡು ಮೂರು ದಿನ ಬಿಟ್ಟು ಆಮೇಲೆ ಪೆಟ್ಟಿಗೆಗೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಮುಚ್ಚಿಟ್ಟ ಪೆಟ್ಟಿಗೆ ಒಳಗೆ ಬೂಷ್ಟು ಬರೋದು ಗ್ಯಾರಂಟಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಾತ್ರೆ ಹೊರಗೆ ಶೆಲ್ಫಲ್ಲಿರ್ಲಿ, ಪೆಟ್ಟಿಗೆಗಳನ್ನ ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗಿಸದೆ ಸಿಲಿಕಾ ಜೆಲ್ ಹಾಕಿಡಿ, ಗೆದ್ದಲಿನ ಭಯ ಪಾತ್ರೆಗಿಲ್ಲ ಆದ್ರೆ ಪೆಟ್ಟಿಗೆಗಿದೆ.

ಹೆಜ್ಜೆ 11: ಒಡೆದ್ರೆ

ಚೂರುಗಳನ್ನೆಲ್ಲ, ಪುಡಿ ಕೂಡ, ಒಂದು ಡಬ್ಬಿಗೆ ಹಾಕಿ. ಫೆವಿಕ್ವಿಕ್ ಹಚ್ಚೋಕೆ ಹೋಗ್ಬೇಡಿ, ಆಮೇಲೆ ಸರಿಯಾದ ರಿಪೇರಿ ಮಾಡೋರಿಗೆ ಅದನ್ನ ಬಿಡಿಸೋದೇ ದೊಡ್ಡ ಕೆಲಸ ಆಗುತ್ತೆ. ಕಿಂತ್ಸುಗಿ ಅಂದ್ರೆ ಉರುಶಿ ಅನ್ನೋ ಮರದ ಅರಗಿನಿಂದ ಅಂಟಿಸಿ ಮೇಲೆ ಚಿನ್ನದ ಪುಡಿ ಕೂರಿಸೋದು, ಪದರ ಪದರವಾಗಿ ಒಣಗಬೇಕಾದ್ದರಿಂದ ವಾರಗಟ್ಟಲೆ ತಿಂಗಳುಗಟ್ಟಲೆ ಹಿಡಿಯುತ್ತೆ. ಆನ್‌ಲೈನಲ್ಲಿ ಸಿಗೋ ಅಗ್ಗದ ಕಿಟ್‌ಗಳಲ್ಲಿ ಹೆಚ್ಚಿನವು ಎಪಾಕ್ಸಿ ಮತ್ತೆ ಹಿತ್ತಾಳೆ ಬಣ್ಣದ ಪುಡಿ, ಶೋಗೆ ಓಕೆ, ಅದರಲ್ಲಿ ಕುಡಿಯೋದು ತಿನ್ನೋದು ಬೇಡ. ನಿಜ ಉರುಶಿಯಲ್ಲಿ ನೀವೇ ಮಾಡೋಕೆ ಹೊರಟ್ರೆ ಗ್ಲೌಸ್ ಕಡ್ಡಾಯ, ಉರುಶಿ ನಮ್ಮ ಗೇರುಮರದ ಕುಟುಂಬಕ್ಕೇ ಸೇರಿದ್ದು, ಹಸಿ ಅರಗು ತಾಗಿದ್ರೆ ಮೈ ಬೊಬ್ಬೆ ಬರುತ್ತೆ.

ಹೆಜ್ಜೆ 12: ಬರೆದಿಡಿ

ಪ್ರತಿ ಪಾತ್ರೆಗೂ ಒಂದು ಪುಟ. ಕುಂಬಾರರ ಹೆಸರು, ಊರು, ಯಾವ ಆವಿಗೆ, ಕೊಂಡ ಜಾಗ, ದಿನಾಂಕ, ಬೆಲೆ, ಸೀಲಿನ ಫೋಟೋ, ಪಾದದ ಫೋಟೋ, ಮುಚ್ಚಳದ ಬರಹದ ಫೋಟೋ ಮತ್ತೆ ಅದರ ಅರ್ಥ, ರಸೀದಿ. ಇದರ ಜೊತೆ ಬೆಂಕಿ ಯಾವ ಕಡೆಯಿಂದ ಬಂತು ಅಂತ ನಿಮಗನ್ನಿಸಿದ್ದನ್ನೂ ಎರಡು ಸಾಲು ಬರೀರಿ, ವರ್ಷ ಕಳೆದು ಮತ್ತೆ ಅದೇ ಪಾತ್ರೆ ನೋಡಿ ಇನ್ನೆರಡು ಸಾಲು ಬರೀರಿ, ಕಣ್ಣು ಎಷ್ಟು ಪಳಗಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಮನೆಯವರಿಗೆ ಈ ಪುಸ್ತಕ ಎಲ್ಲಿದೆ ಅಂತ ಹೇಳಿಡಿ, ಯಾಕಂದ್ರೆ ಗೊತ್ತಿಲ್ಲದವರ ಕಣ್ಣಿಗೆ ಬಿಜೆನ್ ಹೂದಾನಿ ಬರೀ ಕರಕಲು ಮಡಕೆ, ಖಾಲಿ ಮರದ ಪೆಟ್ಟಿಗೆ ಬರೀ ರದ್ದಿ.

ಮುಂದಿನ ಖರೀದಿಗೆ ನನ್ನ ಸಲಹೆ ಇಷ್ಟೇ, ಮೊದಲನೇದನ್ನ ಮಾಡಿದ ಕುಂಬಾರರ ಹತ್ರಾನೇ, ಅದೇ ಆವಿಗೆಯ ಬೇರೆ ಜಾಗದಲ್ಲಿ ಬೆಂದ ಇನ್ನೊಂದು ಬಟ್ಟಲು ಕೇಳಿ. ಮೊದಲನೇದು ಗೋಮಾ ಆಗಿದ್ರೆ ಎರಡನೇದು ಸಾಂಗಿರಿ ಇರ್ಲಿ.